ಚಿಂದಿಯ ಚಿತ್ರಗಾರ ಕೂರ್ಟ್ ಷ್ವಿಟರ್ಸ್

ನಮ್ಮ ವಚನಕಾರರಿಗೂ ಹರಿದಾಸರಿಗೂ ಒಂದೊಂದು ಅಂಕಿತವಿತ್ತು. ತಾಯಿತಂದೆಗಳಿಟ್ಟ ಹೆಸರು ಲೋಕವ್ಯವಹಾರಕ್ಕೆ. ಅಂಕಿತವು ಒಳಗಿನ ಮನುಷ್ಯನಿಗೆ. ಹೊಸಗನ್ನಡದ ಕವಿಗಳು ಕಾವ್ಯನಾಮಗಳನ್ನು ಧರಿಸಿ ಆ ಸಂಪ್ರದಾಯವನ್ನು ಬೇರೊಂದು ಬಗೆಯಲ್ಲಿ ಮುಂದುವರಿಸಿದರು. ಅಂಕಿತವನ್ನು ಇಷ್ಟದೈವದಿಂದಲೋ ಗುರುವಿನಿಂದಲೋ ಊರಿನಿಂದಲೋ ಪಡೆಯುವುದು ರೂಢಿ. ಬ್ಯಾಂಕೊಂದರ ಜಾಹಿರಾತನ್ನು ಕತ್ತರಿಸುವಾಗ ಕೈಯಲ್ಲಿ ಉಳಿದ ಅರ್ಧ ಮಾತನ್ನೇ ಅಂಕಿತವಾಗಿ ಸ್ವೀಕರಿಸಿ, ಕೊನೆಯ ಉಸಿರಿನವರೆಗೂ ಅದನ್ನು ನಡೆಸಿಕೊಂಡು ಬಂದವನು, ನಾನು ಬಲ್ಲಮಟ್ಟಿಗೆ, ಒಬ್ಬನೇ. ಜರ್ಮನಿಯ ಹ್ಯಾನೋವರ್ ನಗರದ ಚಿತ್ರಕಾರ ಕೂರ್ಟ್ ಷ್ವಿಟರ್ಸ್ ಆತನು.

೧೯೧೯ರಲ್ಲಿ ಅವನು ಒಂದು ದೊಡ್ಡ ಚಿತ್ರವನ್ನು ಸಿದ್ಧಪಡಿಸುತ್ತಿದ್ದನು. ಚಿತ್ರವೆಂದರೆ ಕುಂಚದಿಂದ ಬರೆದದ್ದಲ್ಲ. ಮರದ ತುಂಡು, ತಂತಿ, ಬಟ್ಟೆಯ ಚೂರು, ಅಚ್ಚಾದ ಕಾಗದ, ಇವನ್ನೆಲ್ಲ ಹಲಗೆಯ ಮೇಲೆ ಅಂಟಿಸಿ, ಮೊಳೆ ಹೊಡೆದು, ನಡುನಡುವೆ ಬಣ್ಣ ಬಳಿದದ್ದು. ಆ ಕಾಗದಗಳ ಪೈಕಿ ಒಂದರಲ್ಲಿ ವಾಣಿಜ್ಯ ಬ್ಯಾಂಕಿನ ಹೆಸರಿತ್ತು. ವಾಣಿಜ್ಯಕ್ಕೆ ಜರ್ಮನ್ ಭಾಷೆಯಲ್ಲಿ ‘ಕೊಮೆರ್ಟ್ಸ್’ ಎನ್ನುತ್ತಾರೆ. ಕತ್ತರಿಯ ಬಾಯಿಗೆ ಮೊದಲಕ್ಷರಗಳು ಹೋಗಿ ‘ಮೆರ್ಟ್ಸ್’ ಎಂಬ ಬಾಲ ಮಾತ್ರ ಚಿತ್ರದಲ್ಲಿ ನಿಂತಿತು. ಕನ್ನಡದಲ್ಲಿ ಹೇಳುವುದಾದರೆ ‘ವಾಣಿಜ್ಯ’ದ ತಲೆಯನ್ನು ಹಾರಿಸಿ ‘ಣಿಜ್ಯ’ ಎಂದು ಇಟ್ಟುಕೊಂಡಂತೆ. ಅರ್ಥವಿಲ್ಲದ ಮಾತು, ಆದರೆ ಅರ್ಥವಿದ್ದ ಮಾತೊಂದರಿಂದ ಕಿತ್ತು ಬಂದದ್ದು. ಷ್ವಿಟರ್ಸನಿಗೆ ಅದು ಹಿಡಿಸಿತು. ಆ ಚಿತ್ರಕ್ಕೆ ‘ಮೆರ್ಟ್ಸ್ ಚಿತ್ರ’ವೆಂದು ಹೆಸರಾಯಿತು, ಬಳಿಕ ತನ್ನ ಅಂಟುಚಿತ್ರಗಳಿಗೆಲ್ಲ, ಕವಿತೆಗಳಿಗೆ, ತಾನು ಹೊರಡಿಸಿದ ಪತ್ರಿಕೆಗೆ, ಕಟ್ಟಿದ ಮನೆಗೆ ಅದೇ ಹೆಸರು. ಕೊನೆಗೆ ತನ್ನನ್ನೂ ಮೆರ್ಟ್ಸ್ ಎಂದೇ ಕರೆದುಕೊಂಡನು.

ಇದನ್ನು ಕೇವಲ ವಿನೋದವೆಂದು ತಳ್ಳಿಹಾಕುವುದು ಸುಲಭ. ಅವನ ಕಾಲದವರಲ್ಲಿ ಬಹುಮಂದಿ ಹಾಗೆಯೇ ಮಾಡಿದರು. ಆದರೆ ಮುಂದಿನ ಮೂವತ್ತು ವರ್ಷಗಳಲ್ಲಿ ಅವನ ಊರು, ಮನೆ, ಹೆಂಡತಿ, ಭಾಷೆ, ರಾಷ್ಟ್ರೀಯತೆ ಒಂದೊಂದಾಗಿ ಕಳಚಿಹೋದುವು. ಎಲ್ಲವೂ ಹೋದ ಮೇಲೆ ತಾನು ಯಾರು ಎಂಬ ಪ್ರಶ್ನೆಗೆ ಆ ಮನುಷ್ಯನ ಕೈಯಲ್ಲಿ ಉಳಿದ ಉತ್ತರ ಈ ತುಂಡು ಮಾತೊಂದೇ ಆಗಿತ್ತು. ಆದ್ದರಿಂದ ಅವನ ಬಾಳನ್ನು ಸ್ವಲ್ಪ ಸಾವಧಾನದಿಂದ ನೋಡುವುದು ಉಚಿತ.

ಷ್ವಿಟರ್ಸ್ ಹುಟ್ಟಿದ್ದು ೧೮೮೭ರ ಜೂನ್ ೨೦ರಂದು. ತಾಯಿತಂದೆಗಳು ಹೆಂಗಸರ ಉಡುಪಿನ ಅಂಗಡಿಯನ್ನು ನಡೆಸುತ್ತಿದ್ದರು. ಅದನ್ನು ಮಾರಿ ಬಂದ ಹಣದಲ್ಲಿ ಹ್ಯಾನೋವರಿನಲ್ಲಿ ಮನೆಗಳನ್ನು ಕೊಂಡು, ಬಾಡಿಗೆಯ ವರಮಾನದಿಂದ ನೆಮ್ಮದಿಯಾಗಿದ್ದರು. ಒಬ್ಬನೇ ಮಗ. ಊರ ಹೊರಗಿನ ಈಸರ್ನ್‌ಹಾಗೆನ್ ಎಂಬ ಹಳ್ಳಿಯಲ್ಲಿ ಹುಡುಗನು ತನ್ನದೇ ಆದ ಪುಟ್ಟ ತೋಟವೊಂದನ್ನು ಮಾಡಿದ್ದನು. ಗುಲಾಬಿ, ಸ್ಟ್ರಾಬೆರಿ, ಕೈಯಿಂದ ಕಟ್ಟಿದ ಗುಡ್ಡ, ತೋಡಿದ ಕೊಳ. ೧೯೦೧ರಲ್ಲಿ ಹಳ್ಳಿಯ ಹುಡುಗರು ಅವನ ಕಣ್ಣೆದುರಿನಲ್ಲಿಯೇ ಅದನ್ನು ತುಳಿದು ಹಾಳುಮಾಡಿದರು. ಆ ಉದ್ವೇಗದಲ್ಲಿ ಅವನಿಗೆ ಅಪಸ್ಮಾರವು ಮೊದಲ ಸಲ ಕಾಣಿಸಿಕೊಂಡಿತೆಂದು ಅವನೇ ಮುಂದೆ ಬರೆದಿದ್ದಾನೆ. ರೋಗಕ್ಕೆ ಅದೇ ಕಾರಣವೋ ಅಲ್ಲವೋ ವೈದ್ಯರು ಹೇಳಬೇಕು. ತನ್ನ ಬಾಳಿನ ಕಥೆಯನ್ನು ಅವನು ಅಲ್ಲಿಂದ ಆರಂಭಿಸಲು ಇಷ್ಟಪಟ್ಟನೆಂಬುದು ನಮಗೆ ಮುಖ್ಯ. ಕಟ್ಟಿದ್ದು, ಅದು ಕಣ್ಣೆದುರಿಗೆ ಕೆಟ್ಟದ್ದು, ದೇಹ ಅದಕ್ಕೆ ನಡುಗಿದ್ದು.

೧೯೦೯ರಿಂದ ೧೯೧೪ರವರೆಗೆ ಡ್ರೆಸ್ಡನ್ ಅಕಾಡೆಮಿಯಲ್ಲಿ ಅವನು ಚಿತ್ರಕಲೆಯನ್ನು ಕ್ರಮವಾಗಿ ಅಭ್ಯಾಸಮಾಡಿದನು. ಭಾವಚಿತ್ರ, ನಿಸರ್ಗಚಿತ್ರ, ಫಲಪುಷ್ಪಗಳ ಚಿತ್ರ, ಎಲ್ಲವೂ ಹಳೆಯ ಪದ್ಧತಿಯಂತೆ. ವಿದ್ಯಾರ್ಥಿಯಾಗಿ ಅಸಾಧಾರಣನೇನೂ ಅಲ್ಲ. ೧೯೧೫ರಲ್ಲಿ ಹೆಲ್ಮಾ ಫಿಷರಳನ್ನು ಮದುವೆಯಾದನು. ಮರುವರ್ಷ ಹುಟ್ಟಿದ ಗೆರ್ಟ್ ಎಂಬ ಮಗು ಕೆಲವೇ ದಿನ ಬದುಕಿತು. ಆ ಕಂದನ ಮುಖದಿಂದ ತೆಗೆದ ಅಚ್ಚನ್ನು ತಂದೆ ಕಾಪಾಡಿಕೊಂಡನು. ಅದು ಮುಂದೆ ಎಲ್ಲಿ ಸೇರಿತೆಂಬುದನ್ನು ಮುಂದೆ ಹೇಳುತ್ತೇನೆ. ಎರಡನೆಯ ಮಗ ಎರ್ನ್ಸ್ಟ್ ಹುಟ್ಟಿದ್ದು ೧೯೧೮ರ ನವೆಂಬರಿನಲ್ಲಿ, ಯುದ್ಧ ನಿಂತ ಕೆಲವೇ ದಿನಗಳಲ್ಲಿ.

ಯುದ್ಧದಲ್ಲಿ ಷ್ವಿಟರ್ಸ್ ಹೋರಾಡಲಿಲ್ಲ. ೧೯೧೭ರಲ್ಲಿ ಸೈನ್ಯಕ್ಕೆ ಕರೆಬಂದರೂ ಅನಾರೋಗ್ಯದಿಂದ ಬಿಡುಗಡೆಯಾಗಿ, ಹ್ಯಾನೋವರಿನ ಸಮೀಪದ ವ್ಯೂಲ್ಫೆಲ್ ಕಬ್ಬಿಣದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನಾದನು. ಚಕ್ರಗಳ ಮೇಲಣ ಮೋಹ ಹತ್ತಿದ್ದು ಅಲ್ಲಿ. ಯುದ್ಧ ಮುಗಿದಾಗ ಜರ್ಮನಿಯಲ್ಲಿ ಎಲ್ಲವೂ ಮುರಿದುಬಿದ್ದಿತ್ತು: ಚಕ್ರವರ್ತಿಯ ಪೀಠ, ನಾಣ್ಯದ ಬೆಲೆ, ಜನರ ನಂಬಿಕೆ. ಬಣ್ಣ ಕ್ಯಾನ್‌ವಾಸುಗಳಿಗೂ ಬಡತನ. ಎಲ್ಲವೂ ಒಡೆದುಹೋಗಿರುವಲ್ಲಿ ಹೊಸದನ್ನು ಚೂರುಗಳಿಂದಲೇ ಮಾಡಬೇಕಲ್ಲದೆ ಬೇರೆ ದಾರಿಯಿಲ್ಲವೆಂದು ಅವನಿಗೆ ತೋರಿತು. ಟ್ರಾಮ್ ಟಿಕೆಟ್ಟು, ಮಿಠಾಯಿಯ ಹೊದಿಕೆ, ಗುಂಡಿ, ದಾರ, ಮುರಿದ ಚಕ್ರ, ಹಳೆಯ ಪತ್ರದ ಲಕೋಟೆ, ಬೀದಿಯಲ್ಲಿ ಕಂಡದ್ದನ್ನೆಲ್ಲ ಬಗ್ಗಿ ಹೆಕ್ಕಿ ಜೇಬಿಗೆ ಹಾಕಿಕೊಂಡು ಮನೆಗೆ ತರತೊಡಗಿದನು.

ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ ಧೋತರಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದನ್ನು ಓದುಗರು ಬಲ್ಲರು. ಕೌದಿಯಲ್ಲಿ ಪ್ರತಿಯೊಂದು ತುಂಡಿಗೂ ಒಂದು ನೆನಪುಂಟು; ಇದು ಇಂಥವಳ ಮದುವೆಯ ಸೀರೆ, ಇದು ಇಂಥವನ ಅಂಗಿ ಎಂದು ಅಜ್ಜಿ ತೋರಿಸಿ ಹೇಳಬಲ್ಲಳು. ಷ್ವಿಟರ್ಸನ ಅಂಟುಚಿತ್ರ ಅದಕ್ಕೆ ಹತ್ತಿರವೂ ಹೌದು, ದೂರವೂ ಹೌದು. ಅವನ ಚೂರುಗಳು ಯಾರದೋ. ಗುರುತಿಲ್ಲದ ಕೈಗಳು ಬಿಸಾಡಿದ್ದವು. ಅವುಗಳ ಹಿಂದಿನ ಅರ್ಥ ಮುಖ್ಯವಲ್ಲ, ಒಂದರ ಪಕ್ಕದಲ್ಲಿ ಒಂದು ಬಂದಾಗ ಹುಟ್ಟುವ ಸಂಬಂಧವೇ ಮುಖ್ಯವೆಂಬುದು ಅವನ ವಾದ. ಹಾಗಿದ್ದರೂ ಟಿಕೆಟ್ಟಿನ ಮೇಲಣ ತಾರೀಖನ್ನು ಅವನು ಅಳಿಸುವುದಿಲ್ಲ, ಊರಿನ ಹೆಸರನ್ನು ಮುಚ್ಚುವುದಿಲ್ಲ. ಆ ಸಣ್ಣ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಮನುಷ್ಯನೊಬ್ಬನ ದಿನಚರಿ ಓದಿದಂತಾಗುತ್ತದೆ. ವಾದ ಒಂದು, ಕೈ ಮಾಡಿದ್ದು ಒಂದು. ಕೈಯೇ ಹೆಚ್ಚು ಸತ್ಯವಂತವೆಂದು ನನ್ನ ಭಾವನೆ.

ಆ ವೇಳೆಗೆ ಬರ್ಲಿನ್ನಿನಲ್ಲಿ ದಾದಾ ಪಂಥದವರು ಗದ್ದಲವೆಬ್ಬಿಸಿದ್ದರು. ಯುದ್ಧವನ್ನು ಹೆತ್ತ ಸಂಸ್ಕೃತಿಯನ್ನೇ ಧಿಕ್ಕರಿಸುವುದು ಅವರ ಗುರಿ. ಷ್ವಿಟರ್ಸ್ ತಮ್ಮವನೆಂದು ಸೇರಲು ಹೋದಾಗ ಅವರ ಮುಂದಾಳು ಹ್ಯೂಲ್ಸನ್‌ಬೆಕ್ ಒಪ್ಪಲಿಲ್ಲ. ಈ ಮನುಷ್ಯ ಮಧ್ಯಮವರ್ಗದ ಗೃಹಸ್ಥ; ತಂದೆಯ ಸ್ವಂತ ಮನೆಯಲ್ಲಿ ಹೆಂಡತಿ ಮಗುವಿನೊಡನೆ ಸುಖವಾಗಿರುವವನು; ಇವನಿಗೆ ಕ್ರಾಂತಿಯೆಲ್ಲಿಯದು? ೧೯೨೦ರ ಬೇಸಗೆಯಲ್ಲಿ ಬರ್ಲಿನ್ನಿನಲ್ಲಿ ನಡೆದ ದಾದಾ ಮೇಳದಲ್ಲಿ ಅವನಿಗೆ ಸ್ಥಳ ದೊರೆಯಲಿಲ್ಲ. ರಾವುಲ್ ಹೌಸ್‌ಮನ್, ಹನ್ನಾ ಹೋಖ್, ಹಾನ್ಸ್ ಆರ್ಪ್ ಮುಂತಾದವರು ಮಾತ್ರ ಅವನ ಸ್ನೇಹವನ್ನು ಬಿಡಲಿಲ್ಲ. ಇತ್ತ ಹ್ಯಾನೋವರಿನ ಸಂಭಾವಿತರಿಗೆ ಅವನು ಹುಚ್ಚನಾಗಿ ಕಂಡನು. ೧೯೧೯ರಲ್ಲಿ ಪ್ರಕಟವಾದ ‘ಅನ್ನಾ ಬ್ಲೂಮೆಗೆ’ ಎಂಬ ಅವನ ಪ್ರೇಮಕವಿತೆ, ವ್ಯಾಕರಣವನ್ನು ತಲೆಕೆಳಗು ಮಾಡಿ ಬರೆದದ್ದು, ಊರಿನ ಜಾಹಿರಾತು ಕಂಬಗಳ ಮೇಲೆ ಹಚ್ಚಲ್ಪಟ್ಟು ಹಾಸ್ಯಕ್ಕೂ ಕೋಪಕ್ಕೂ ಗುರಿಯಾಯಿತು. ಕ್ರಾಂತಿಕಾರರಿಗೆ ಗೃಹಸ್ಥ, ಗೃಹಸ್ಥರಿಗೆ ಹುಚ್ಚ. ಎರಡು ಕಡೆಯ ಮಾತಿನಲ್ಲಿಯೂ ಅಷ್ಟಿಷ್ಟು ನಿಜವಿತ್ತು. ಅವನು ಎರಡನ್ನೂ ಬಿಡಲಿಲ್ಲ. ಬೆಳಿಗ್ಗೆ ನಿಯಮವಾಗಿ ಕುಳಿತು ಯಾರದೋ ಭಾವಚಿತ್ರವನ್ನು ಹಳೆಯ ರೀತಿಯಲ್ಲಿ ಬರೆಯುವನು. ಸಂಜೆ ಕಸದ ಚೀಲವನ್ನು ಬಿಚ್ಚುವನು. ಜಾಹಿರಾತಿನ ಕೆಲಸಕ್ಕೆಂದು ೧೯೨೪ರಲ್ಲಿ ಸ್ವಂತ ಕಚೇರಿಯನ್ನು ತೆರೆದು ಪೆಲಿಕಾನ್ ಶಾಯಿಯ ಕಂಪನಿಗೂ, ಮುಂದೆ ಹ್ಯಾನೋವರ್ ನಗರಸಭೆಗೂ ಅಚ್ಚಿನ ಅಕ್ಷರವಿನ್ಯಾಸ ಮಾಡಿಕೊಟ್ಟನು. ವಾಣಿಜ್ಯದಿಂದ ಕಿತ್ತ ಹೆಸರು ವಾಣಿಜ್ಯಕ್ಕೇ ಮರಳಿತು!

ಮಾತನ್ನೂ ಅವನು ಕಾಗದದಂತೆಯೇ ಕತ್ತರಿಸಿದನು. ಹೌಸ್‌ಮನ್ನನು ಕೇವಲ ಅಕ್ಷರಗಳಿಂದ ಮಾಡಿದ್ದ ಒಂದು ಪ್ರಯೋಗವನ್ನು ಎತ್ತಿಕೊಂಡು, ಸುಮಾರು ಹತ್ತು ವರ್ಷ ಬೆಳೆಸಿ, ‘ಉರ್‌ಸೊನಾಟೆ’ ಎಂಬ ನಾದಕಾವ್ಯವನ್ನು ರಚಿಸಿದನು. ಅದು ೧೯೩೨ರಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಪದಕ್ಕೂ ಅರ್ಥವಿಲ್ಲ; ಆದರೆ ಸೊನಾಟಾ ಎಂಬ ಪಾಶ್ಚಾತ್ಯ ಸಂಗೀತರೂಪದ ಕಟ್ಟು ಬಿಗಿಯಾಗಿದೆ. ನಟುವಾಂಗದ ಜತಿಗಳನ್ನೂ ಕೊನ್ನಕೋಲನ್ನೂ ಕೇಳಿದ ನಮ್ಮ ಕಿವಿಗೆ ಇದು ಯೂರೋಪಿಯನ್ನರಿಗೆ ತೋರಿದಷ್ಟು ವಿಚಿತ್ರವಾಗಿ ತೋರಲಾರದು. ಹಾನ್ಸ್ ರಿಕ್ಟರ್ ತನ್ನ ನೆನಪುಗಳಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಪಾಟ್ಸ್‌ಡಾಮಿನಲ್ಲಿ ನಿವೃತ್ತ ಸೇನಾನಿಗಳೂ ಕುಲೀನರೂ ಕೂಡಿದ್ದ ಮನೆಯೊಂದರಲ್ಲಿ ಷ್ವಿಟರ್ಸ್ ಇದನ್ನು ವಾಚಿಸಿದನು. ಮೊದಲು ಬಿಗಿದ ಮುಖಗಳು. ಬಳಿಕ ತಡೆಯಲಾರದ ನಗು. ಅವನು ನಿಲ್ಲಿಸಲಿಲ್ಲ, ಆರಡಿಗೂ ಮೀರಿದ ಆ ಆಳು ದನಿಯನ್ನು ಇನ್ನಷ್ಟು ಏರಿಸಿದನು. ನಗು ತಾನಾಗಿ ಅಡಗಿತು. ಮುಗಿದಾಗ ಆ ಮುದಿ ಸೇನಾನಿಗಳೇ ಕಣ್ಣು ಒರಸಿಕೊಳ್ಳುತ್ತ ಬಂದು ಅವನಿಗೆ ಕೃತಜ್ಞತೆ ಹೇಳಿದರಂತೆ.

ಆದರೆ ಅವನ ಬಾಳಿನ ಮುಖ್ಯ ಕೃತಿಯೆಂದರೆ ಒಂದು ಮನೆ. ಹ್ಯಾನೋವರಿನ ವಾಲ್ಡ್‌ಹೌಸನ್ ಬೀದಿಯ ಐದನೆಯ ನಂಬರಿನ ಮನೆ ತಂದೆಯದು. ಅಲ್ಲಿನ ತನ್ನ ಕೆಲಸದ ಕೋಣೆಯಲ್ಲಿ ಸುಮಾರು ೧೯೨೩ರಲ್ಲಿ ಅವನು ಒಂದು ಕಂಬವನ್ನು ನಿಲ್ಲಿಸಿದನು. ಕಂಬಕ್ಕೆ ಬೀದಿಯ ಚಿಂದಿ, ಪತ್ರಿಕೆಯ ತುಣುಕು, ಬೊಂಬೆ. ಅದರ ನೆತ್ತಿಯಲ್ಲಿ, ಸತ್ತುಹೋದ ಗೆರ್ಟನ ಮುಖದ ಅಚ್ಚು. ಕಂಬ ಬೆಳೆಯಿತು, ಮಗ್ಗುಲಿಗೆ ಚಾಚಿತು, ಚಾವಣಿಯನ್ನು ಮುಟ್ಟಿತು. ಅದರೊಳಗೆ ಸಣ್ಣ ಗುಹೆಗಳಾದುವು. ಒಬ್ಬೊಬ್ಬ ಮಿತ್ರನಿಗೆ ಒಂದೊಂದು ಗುಹೆ. ಅಲ್ಲಿ ಆ ಮಿತ್ರನ ಏನಾದರೊಂದು ವಸ್ತುವಿನ ಸ್ಥಾಪನೆ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹನ ಮೇಜಿನಿಂದ ಎಗರಿಸಿ ತಂದ ದಪ್ಪ ಪೆನ್ಸಿಲ್ಲು, ರಿಕ್ಟರನ ಒಂದು ಎಳೆ ಕೂದಲು, ಡೂಸ್‌ಬರ್ಗನ ಟೈ ಚೂರು. ವರ್ಷಗಳು ಉರುಳಿದಂತೆ ಹೊಸ ಗೋಡೆಗಳು ಹಳೆಯ ಗುಹೆಗಳನ್ನು ಮುಚ್ಚಿದುವು; ಬಿಳಿಯ ಗಾರೆಯ, ಮರದ ಕೋನಗಳು ಎಲ್ಲೆಡೆಯಿಂದ ಹೊಮ್ಮಿದುವು. ಚಿಂದಿ ಒಳಗೆ, ಬೆಳ್ಪು ಹೊರಗೆ. ಒಂದು ಕೋಣೆ ಸಾಲದೆ ಇನ್ನೊಂದಕ್ಕೆ, ಅಲ್ಲಿಂದ ಅಟ್ಟಕ್ಕೆ, ಮೊಗಸಾಲೆಗೆ ಅದು ಹಬ್ಬಿತು. ಇದಕ್ಕೆ ‘ಮೆರ್ಟ್ಸ್‌ಬೌ’ ಎಂದು ಹೆಸರು. ಮೆರ್ಟ್ಸಿನ ಕಟ್ಟಡವೆಂದು ಅರ್ಥ.

ಮನೆಯೊಳಗೆ ಮನೆಯನ್ನು ಕಟ್ಟಿದ ಈ ಮನುಷ್ಯನ ಜೊತೆಯಲ್ಲಿ ಸಂಸಾರ ಮಾಡಿದ ಹೆಲ್ಮಾಳನ್ನು ಕುರಿತು ಕಲಾಚರಿತ್ರೆಗಳಲ್ಲಿ ಎರಡು ಸಾಲುಗಳಿಗಿಂತ ಹೆಚ್ಚು ಸಿಕ್ಕುವುದು ಅಪರೂಪ. ಊಟದ ಕೋಣೆಯ ಕಡೆಗೆ ಗಾರೆ ಹರಿದು ಬರುತ್ತಿರುವಾಗ ಆಕೆ ಮಗನನ್ನು ಸಾಕಿದಳು, ಅತ್ತೆಯನ್ನು ನೋಡಿಕೊಂಡಳು, ಬಾಡಿಗೆಯವರೊಡನೆ ವ್ಯವಹರಿಸಿದಳು. ಮುಂದೆ ಇನ್ನೂ ಕಠಿನವಾದುದು ಕಾದಿತ್ತು.

೧೯೩೩ರಲ್ಲಿ ನಾಟ್ಸಿಗಳು ಅಧಿಕಾರಕ್ಕೆ ಬಂದರು. ಅದೇ ವರ್ಷ ಡ್ರೆಸ್ಡನ್ನಿನಲ್ಲಿ ‘ಪತಿತ ಕಲೆ’ಯೆಂದು ಹಂಗಿಸಲು ಏರ್ಪಡಿಸಿದ ಪ್ರದರ್ಶನದಲ್ಲಿ ಆ ಮೊದಲ ಮೆರ್ಟ್ಸ್ ಚಿತ್ರವಿತ್ತು. ನಗರಸಭೆಯ ಕೆಲಸ ತಪ್ಪಿತು. ೧೯೩೬ರ ಆಗಸ್ಟಿನಲ್ಲಿ ಅವನ ಆಪ್ತಮಿತ್ರರಾದ ಷ್ಪೆಂಗೆಮನ್ ದಂಪತಿಗಳನ್ನು ಗೆಸ್ಟಾಪೊ ಬಂಧಿಸಿತು. ವರ್ಷದ ಕೊನೆಗೆ ಮಗ ಎರ್ನ್ಸ್ಟ್ ನಾರ್ವೆಗೆ ಹೊರಟುಹೋದನು. ೧೯೩೭ರ ಜನವರಿ ೨ರಂದು ತಂದೆಯೂ ಅವನನ್ನು ಹಿಂಬಾಲಿಸಿದನು. ವಿಧಿಯ ಅಣಕವೆಂದರೆ, ಅವೇ ವಾರಗಳಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದವರು ಮೆರ್ಟ್ಸ್‌ಬೌ ಮನೆಯ ಛಾಯಾಚಿತ್ರಗಳನ್ನು ತಮ್ಮ ದೊಡ್ಡ ಪ್ರದರ್ಶನದಲ್ಲಿ ತೂಗುಹಾಕಿದ್ದರು. ಅದೇ ಜುಲೈಯಲ್ಲಿ ಮ್ಯೂನಿಕ್ಕಿನ ‘ಪತಿತ ಕಲೆ’ಯ ಪ್ರದರ್ಶನಕ್ಕೆ ಮೆರ್ಟ್ಸ್ ಚಿತ್ರ ಮತ್ತೆ ಹೋಯಿತು. ಅದನ್ನು ಬೇಕೆಂದೇ ಸೊಟ್ಟಾಗಿ ನೇತುಹಾಕಿದ್ದರು. ಹಿಟ್ಲರನು ಆ ಗೋಡೆಯ ಮುಂದೆ ನಿಂತ ಛಾಯಾಚಿತ್ರ ಉಳಿದಿದೆ, ಚಿತ್ರ ಉಳಿಯಲಿಲ್ಲ. ಷ್ವಿಟರ್ಸನಿಗೆ ಹೆಸರು ಕೊಟ್ಟ ಆ ಕೃತಿ ಎಲ್ಲಿ ನಾಶವಾಯಿತೋ ಯಾರಿಗೂ ತಿಳಿಯದು.

ಹೆಲ್ಮಾ ಹ್ಯಾನೋವರಿನಲ್ಲಿಯೇ ಉಳಿದಳು. ಮನೆಗಳನ್ನು ನೋಡಿಕೊಳ್ಳುವವರು ಬೇಕಾಗಿತ್ತು, ವೃದ್ಧರು ಇದ್ದರು. ಬೇಸಗೆಯಲ್ಲಿ ಆಕೆ ನಾರ್ವೆಗೆ ಬಂದು ಗಂಡನೊಡನೆ ಕೆಲವು ವಾರಗಳಿದ್ದು ಮರಳುವಳು. ೧೯೩೯ರ ಬೇಸಗೆಯ ಭೇಟಿಯೇ ಕೊನೆಯದಾಯಿತು. ಸೆಪ್ಟೆಂಬರಿನಲ್ಲಿ ಯುದ್ಧ ಹತ್ತಿಕೊಂಡಿತು. ಅವನು ತನ್ನ ಕಲೆಯನ್ನೂ ಪ್ರಾಣವನ್ನೂ ಉಳಿಸಿಕೊಳ್ಳಲು ಹೋದನು, ಆಕೆ ಮಿಕ್ಕದ್ದನ್ನೆಲ್ಲ ಹೊತ್ತುಕೊಂಡಳು. ಇದರಲ್ಲಿ ನ್ಯಾಯವೆಷ್ಟು ಅನ್ಯಾಯವೆಷ್ಟು ಎಂದು ತೂಗಲು ನನಗೆ ಕೈ ಬಾರದು. ಆದರೆ ತೂಗುವ ಪ್ರಶ್ನೆಯೇ ಇಲ್ಲವೆಂಬಂತೆ ಬರೆಯುವ ಚರಿತ್ರಕಾರರನ್ನು ನಾನು ಒಪ್ಪಲಾರೆ.

ಓಸ್ಲೋ ಸಮೀಪದ ಲಿಸಾಕರ್ ಎಂಬಲ್ಲಿ, ತೋಟದೊಳಗೆ, ಅವನು ಎರಡನೆಯ ಮೆರ್ಟ್ಸ್‌ಬೌ ಕಟ್ಟಲು ತೊಡಗಿದನು. ಜೀವನಕ್ಕೆ ಪ್ರವಾಸಿಗರಿಗೆ ನಿಸರ್ಗಚಿತ್ರಗಳನ್ನು ಮಾರಿದನು. ೧೯೪೦ರ ಏಪ್ರಿಲ್ ೯ರಂದು ಜರ್ಮನ್ ಸೈನ್ಯ ನಾರ್ವೆಯನ್ನು ಹೊಕ್ಕಿತು. ತಂದೆ ಮಕ್ಕಳು ಉತ್ತರಕ್ಕೆ, ಮತ್ತೂ ಉತ್ತರಕ್ಕೆ ಓಡಿ, ಜೂನ್ ೮ರಂದು ‘ಫ್ರಿತ್ಯೋಫ್ ನಾನ್ಸೆನ್’ ಎಂಬ ಹಿಮಭೇದಕ ಹಡಗಿನಲ್ಲಿ ಹೊರಟು ಸ್ಕಾಟ್ಲೆಂಡನ್ನು ಸೇರಿದರು. ಷ್ವಿಟರ್ಸನ ಜೇಬಿನಲ್ಲಿ ಆಗ ಎರಡು ಬಿಳಿಯ ಇಲಿಗಳಿದ್ದುವೆಂದು ಹೇಳುವುದುಂಟು.

ಜರ್ಮನಿಗೆ ಬೇಡವಾದವನು ಇಂಗ್ಲೆಂಡಿನಲ್ಲಿ ಜರ್ಮನಿಯವನೆಂದು ಬಂಧಿತನಾದನು. ಮ್ಯಾನ್ ದ್ವೀಪದ ಡಗ್ಲಸ್ ಪಟ್ಟಣದ ಹಚಿನ್ಸನ್ ಶಿಬಿರದಲ್ಲಿ ೧೯೪೦ರ ಜುಲೈನಿಂದ ೧೯೪೧ರ ನವೆಂಬರಿನವರೆಗೆ ಅವನನ್ನು ಇಟ್ಟಿದ್ದರು. ಮುಳ್ಳುತಂತಿಯ ಒಳಗೆ ಪ್ರಾಧ್ಯಾಪಕರು, ಸಂಗೀತಗಾರರು, ಚಿತ್ರಕಾರರು, ವರ್ತಕರು ತುಂಬಿದ್ದರು. ಹೆಚ್ಚಿನವರು ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರೇ. ಕ್ಯಾನ್‌ವಾಸಿಲ್ಲದಲ್ಲಿ ಷ್ವಿಟರ್ಸ್ ನೆಲದ ಲಿನೋಲಿಯಂ ಕಿತ್ತು ಅದರ ಮೇಲೆ ಬರೆದನು. ಶಿಲ್ಪಕ್ಕೆ ಗಾರೆಯಿಲ್ಲದಲ್ಲಿ ಉಳಿದ ಓಟ್ಸ್ ಗಂಜಿಯನ್ನು ಸಂಗ್ರಹಿಸಿ ಅದರಿಂದ ಆಕೃತಿಗಳನ್ನು ಮಾಡಿದನು. ಅವು ಬೂಸಲು ಹಿಡಿದು ಹಸುರು ಕೂದಲು ಬೆಳೆಸಿಕೊಂಡು ನಾರಿದುವೆಂದು ಜೊತೆಯ ಬಂದಿ ಫ್ರೆಡ್ ಉಲ್‌ಮನ್ ಬರೆದಿದ್ದಾನೆ. ರಾತ್ರಿ ಮಲಗುವ ಮೊದಲು ಅಟ್ಟದ ಕಿಟಕಿಯಲ್ಲಿ ನಿಂತು ನಾಯಿಯಂತೆ ಬೊಗಳುತ್ತಿದ್ದನು; ದೂರದ ಇನ್ನೊಂದು ಮನೆಯಿಂದ ವಿಯೆನ್ನಾದ ವೃದ್ಧನೊಬ್ಬ ಬೊಗಳಿಯೇ ಉತ್ತರ ಕೊಡುವನು. ಹಾಲೆಂಡಿನಲ್ಲಿ ೧೯೨೩ರಲ್ಲಿ ಡೂಸ್‌ಬರ್ಗನ ಭಾಷಣಗಳ ನಡುವೆ ಸಭಿಕರ ಸಾಲಿನಿಂದೆದ್ದು ಬೊಗಳಿ ಅವನು ಸಭೆಯನ್ನು ಬೆಚ್ಚಿಬೀಳಿಸಿದ್ದುಂಟು. ಅಂದು ಅದು ಪ್ರದರ್ಶನ. ಶಿಬಿರದ ಕತ್ತಲೆಯಲ್ಲಿ ಅದು ಏನಾಗಿತ್ತೆಂದು ಹೇಳುವುದು ಕಷ್ಟ.

ಇದೇ ಶಿಬಿರದಲ್ಲಿ ಅವನು ಸಹಬಂದಿಗಳ, ಅಧಿಕಾರಿಗಳ ಭಾವಚಿತ್ರಗಳನ್ನು ರಾಶಿರಾಶಿಯಾಗಿ ಬರೆದನು. ಎಲ್ಲವೂ ಹಳೆಯ ಡ್ರೆಸ್ಡನ್ ಮಾದರಿ. ಅವನನ್ನು ಆಧುನಿಕತೆಯ ಪ್ರವರ್ತಕನೆಂದು ಹೊಗಳುವವರು ಈ ಚಿತ್ರಗಳ ಮಾತು ಬಂದಾಗ ಸಂಕೋಚಪಟ್ಟು, ಹೊಟ್ಟೆಪಾಡಿಗಾಗಿ ಮಾಡಿದ್ದೆಂದು ಹೇಳಿ ದಾಟಿಬಿಡುತ್ತಾರೆ. ಹೊಟ್ಟೆಪಾಡು ನಿಜ. ಆದರೆ ಹೊಟ್ಟೆ ತುಂಬಿದ್ದ ಕಾಲದಲ್ಲಿಯೂ ಅವನು ಇದನ್ನು ಬಿಟ್ಟಿರಲಿಲ್ಲ. ಕಸವನ್ನು ಪೂಜಿಸಿದ ಕೈಯೇ ಮನುಷ್ಯರ ಮುಖವನ್ನೂ ಶ್ರದ್ಧೆಯಿಂದ ತಿದ್ದಿತು. ಒಂದು ನಿಜವಾದ ಷ್ವಿಟರ್ಸ್, ಇನ್ನೊಂದು ವೇಷವೆಂದು ಭಾಗಿಸಿದರೆ ಆ ಮನುಷ್ಯ ನಮ್ಮ ಕೈಯಿಂದ ಜಾರಿಹೋಗುತ್ತಾನೆ.

ಬಿಡುಗಡೆಯ ಬಳಿಕ ಲಂಡನ್ನಿನ ಬಾಡಿಗೆ ಕೋಣೆ. ಅಲ್ಲಿ ಎಡಿತ್ ಥಾಮಸ್ ಎಂಬ ತರುಣಿಯ ಪರಿಚಯವಾಯಿತು. ಆಕೆ ಹೊತ್ತುಹೊತ್ತಿಗೆ ಚಹ ಬೇಕೆ ಎಂದು ವಿಚಾರಿಸುತ್ತಿದ್ದುದರಿಂದ ಆ ಇಂಗ್ಲಿಷ್ ಮಾತನ್ನೇ ಮೊಟಕುಮಾಡಿ ‘ವಾಂಟೀ’ ಎಂದು ಕರೆದನು. ಇದೂ ಒಂದು ಕತ್ತರಿಯ ಕೆಲಸವೇ ಸರಿ. ಅವನ ಅಂಟುಚಿತ್ರಗಳಲ್ಲಿ ಜರ್ಮನ್ ಟಿಕೆಟ್ಟುಗಳ ಸ್ಥಳದಲ್ಲಿ ಲಂಡನ್ ಬಸ್ಸಿನ ಟಿಕೆಟ್ಟುಗಳು, ಇಂಗ್ಲಿಷ್ ಮಿಠಾಯಿಯ ಹೊದಿಕೆಗಳು ಬಂದುವು. ಕವಿತೆಗಳೂ ಇಂಗ್ಲಿಷಿಗೆ ತಿರುಗಿದುವು. ೧೯೪೪ರ ಏಪ್ರಿಲಿನಲ್ಲಿ ಪಾರ್ಶ್ವವಾಯು ಬಡಿಯಿತು, ಹೇಗೋ ಚೇತರಿಸಿಕೊಂಡನು. ಡಿಸೆಂಬರಿನಲ್ಲಿ ಜಾಕ್ ಬಿಲ್ಬೋ ಎಂಬವನ ಗ್ಯಾಲರಿಯಲ್ಲಿ ಅವನೊಬ್ಬನದೇ ಪ್ರದರ್ಶನ. ವಿಮರ್ಶಕ ಹರ್ಬರ್ಟ್ ರೀಡನ ಮುನ್ನುಡಿ. ಅದೇ ತಿಂಗಳಲ್ಲಿ, ಹೆಲ್ಮಾ ಅಕ್ಟೋಬರ್ ೨೯ರಂದು ಕ್ಯಾನ್ಸರಿನಿಂದ ತೀರಿಹೋದಳೆಂಬ ಸುದ್ದಿ ಅವನನ್ನು ಮುಟ್ಟಿತು. ವಾಲ್ಡ್‌ಹೌಸನ್ ಬೀದಿಯ ಮನೆ ಅದಕ್ಕೂ ಒಂದು ವರ್ಷ ಹಿಂದೆಯೇ ಹೋಗಿತ್ತು. ೧೯೪೩ರ ಅಕ್ಟೋಬರ್ ೮ರ ರಾತ್ರಿ ಹ್ಯಾನೋವರಿನ ಮೇಲೆ ಬ್ರಿಟಿಷ್ ವಿಮಾನಗಳು ಸುರಿಸಿದ ಬಾಂಬುಗಳಿಗೆ ಗುಹೆಗಳು, ಪೆನ್ಸಿಲ್ಲು, ಕೂದಲೆಳೆ, ಮಗುವಿನ ಮುಖ, ಎಲ್ಲವೂ ಬೂದಿಯಾದುವು. ತನಗೆ ಆಶ್ರಯ ಕೊಟ್ಟ ದೇಶದ ವಿಮಾನಗಳೇ ತನ್ನ ಮನೆಯನ್ನು ಸುಟ್ಟುವು.

೧೯೪೫ರ ಜೂನಿನಲ್ಲಿ ವಾಂಟೀಯೊಡನೆ ಅವನು ಇಂಗ್ಲೆಂಡಿನ ಸರೋವರಗಳ ನಾಡಿಗೆ, ಆಂಬಲ್‌ಸೈಡ್ ಎಂಬ ಊರಿಗೆ ಬಂದು ನೆಲೆಸಿದನು. ವರ್ಡ್ಸ್‌ವರ್ತ್ ಕವಿಯಿಂದ ನಮಗೆಲ್ಲ ಪರಿಚಿತವಾದ ಸೀಮೆ ಅದು. ಊರವರು ಅವನನ್ನು ಅಲ್ಪ ಬೆಲೆಗೆ ಭಾವಚಿತ್ರ ಬರೆದುಕೊಡುವ ಪರದೇಶಿ ಮುದುಕನೆಂದು ಬಲ್ಲರು. ಚದುರಂಗದ ಜೊತೆಗಾರನಾದ ಊರಿನ ವೈದ್ಯನ ಚಿತ್ರ ಬರೆದನು; ಸೇತುವೆಯ ಮೇಲಣ ಪುಟ್ಟ ಮನೆಯ ಚಿತ್ರ ಬರೆದು ಮಾರಿದನು. ೧೯೪೬ರಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. ಮರುವರ್ಷ ಲಂಡನ್ನಿನ ಗ್ಯಾಲರಿಯೊಂದರಲ್ಲಿ ಉರ್‌ಸೊನಾಟೆಯನ್ನು ವಾಚಿಸಿದಾಗ ಕೇಳಲು ಬಂದಿದ್ದ ಬಿ. ಬಿ. ಸಿ.ಯವರು ನಡುವೆಯೇ ಎದ್ದುಹೋದರು. ಪಾಟ್ಸ್‌ಡಾಮಿನ ಸೇನಾನಿಗಳು ಅವರಿಗಿಂತ ಮೇಲು!

೧೯೪೭ರ ಜೂನಿನಲ್ಲಿ, ಅವನಿಗೆ ಅರುವತ್ತು ತುಂಬಿದ ಹೊತ್ತಿಗೆ, ನ್ಯೂಯಾರ್ಕಿನ ಸಂಗ್ರಹಾಲಯದಿಂದ ೧,೦೦೦ ಡಾಲರುಗಳ ನೆರವು ಮಂಜೂರಾಯಿತು. ಹಳೆಯ ಮೆರ್ಟ್ಸ್‌ಬೌ ಏನಾದರೂ ಉಳಿದಿದ್ದರೆ ಅದನ್ನು ಉದ್ಧಾರಮಾಡುವುದಕ್ಕೆಂದು ಮೊದಲ ಯೋಚನೆ. ಹ್ಯಾನೋವರಿನಲ್ಲಿ ಉಳಿದದ್ದೇನೂ ಇರಲಿಲ್ಲ. ಎಲ್ಟರ್‌ವಾಟರ್ ಎಂಬ ಹಳ್ಳಿಯ ಬಳಿ, ಹಿಂದೆ ಕೋವಿಮದ್ದಿನ ಕಾರ್ಖಾನೆಯಿದ್ದ ನೆಲದಲ್ಲಿ, ಹ್ಯಾರಿ ಪಿಯರ್ಸ್ ಎಂಬ ತೋಟಗಾರನಿಗೆ ಒಂದು ಕಲ್ಲಿನ ಕೊಟ್ಟಿಗೆಯಿತ್ತು. ಹುಲ್ಲು ತುಂಬುವ ಜಾಗ. ಪಿಯರ್ಸ್ ಅದನ್ನು ಬಿಟ್ಟುಕೊಟ್ಟನು. ತಿರುಗಿ ಹೊಸದಾಗಿ, ಮೂರನೆಯ ಸಲ, ಷ್ವಿಟರ್ಸ್ ಕೆಲಸ ಹಿಡಿದನು. ಆಂಬಲ್‌ಸೈಡಿನಿಂದ ದಿನವೂ ಬಸ್ಸಿನಲ್ಲಿ ಬರುವನು. ತೊಟ್ಟಿಕ್ಕುವ ಸೂರು, ಮಣ್ಣಿನ ನೆಲ, ಇಳಿದು ಬರುವ ಚಳಿಗಾಲ. ಎದೆಯ ಬೇನೆ ಹೆಚ್ಚಿದಾಗ ಮಲಗಿ ಸುಧಾರಿಸಿಕೊಂಡು ಏಳುವನು. ಗೋಡೆಯ ಮೇಲೆ ಗಾರೆಯನ್ನು ಮೆತ್ತಿ, ಅದರೊಳಗೆ ಕಲ್ಲು, ಬೇರು, ಬಿದಿರು ಕಡ್ಡಿ, ಚಿತ್ರದ ಚೌಕಟ್ಟಿನ ತುಂಡು, ಮಗುವಿನ ನೀರುಡಬ್ಬಿಯ ಜಲ್ಲಡಿ ಮೂತಿ, ರಬ್ಬರ್ ಚೆಂಡು, ಪಿಂಗಾಣಿಯ ಮೊಟ್ಟೆ, ಇವನ್ನು ಹುದುಗಿಸಿದನು. ಈ ಗೋಡೆಯಲ್ಲಿ ಟಿಕೆಟ್ಟಿಲ್ಲ, ಅಕ್ಷರವಿಲ್ಲ. ಯಾವ ದೇಶದ ಯಾವ ಭಾಷೆಯ ಗುರುತೂ ಇಲ್ಲದೆ, ಕೇವಲ ಆ ಕಣಿವೆಯ ವಸ್ತುಗಳು ತೋಟದ ಮಣ್ಣಿನಿಂದ ಮೇಲೆದ್ದಂತೆ ಕಾಣುತ್ತವೆ. ಈಸರ್ನ್‌ಹಾಗೆನ್ನಿನ ಹುಡುಗನು ಮಾಡಿದ್ದ ಗುಡ್ಡವನ್ನೂ ಕೊಳವನ್ನೂ ನೆನೆಯದೆ ಇದನ್ನು ನೋಡಲು ನನಗೆ ಸಾಧ್ಯವಾಗಿಲ್ಲ. ನಾನು ನೋಡಿದ್ದು ಛಾಯಾಚಿತ್ರಗಳಲ್ಲಿ ಮಾತ್ರವೆಂದು ಒಪ್ಪಿಕೊಳ್ಳಬೇಕು.

ಒಂದು ಗೋಡೆಯೂ ಪೂರ್ಣವಾಗಿ ಮುಗಿಯಲಿಲ್ಲ. ೧೯೪೮ರ ಜನವರಿ ೭ರಂದು ಅವನಿಗೆ ಬ್ರಿಟಿಷ್ ಪೌರತ್ವ ದೊರಕಿದ ಪತ್ರ ಬಂದಿತು. ಹನ್ನೊಂದು ವರ್ಷಗಳ ಅಲೆದಾಟದ ಬಳಿಕ ಅವನನ್ನು ತನ್ನವನೆಂದು ಹೇಳುವ ಒಂದು ಕಾಗದ. ಅದನ್ನು ಕತ್ತರಿಸಿ ಅಂಟಿಸುವಷ್ಟು ಕಾಲವೂ ಉಳಿದಿರಲಿಲ್ಲ. ಮರುದಿನ, ಜನವರಿ ೮ರಂದು, ಕೆಂಡಾಲಿನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡನು. ಆಂಬಲ್‌ಸೈಡಿನ ಚರ್ಚಿನ ಅಂಗಳದಲ್ಲಿ ಹೂಳಿದರು.

ಲಿಸಾಕರಿನಲ್ಲಿದ್ದ ಎರಡನೆಯ ಕಟ್ಟಡ ೧೯೫೧ರಲ್ಲಿ ಮಕ್ಕಳ ಬೆಂಕಿಯಾಟಕ್ಕೆ ಸಿಕ್ಕಿ ಸುಟ್ಟುಹೋಯಿತು. ಎಲ್ಟರ್‌ವಾಟರಿನ ಗೋಡೆಯನ್ನು ಮಳೆಗಾಳಿಗಳಿಂದ ಉಳಿಸಲು ೧೯೬೫ರಲ್ಲಿ ಇಡಿಯಾಗಿ ಕಿತ್ತು ನ್ಯೂಕಾಸಲ್ಲಿನ ಹ್ಯಾಟನ್ ಗ್ಯಾಲರಿಗೆ ಸಾಗಿಸಿದರು, ಈಗಲೂ ಅಲ್ಲಿದೆ. ಹ್ಯಾನೋವರಿನ ಮುಖ್ಯ ಕೋಣೆಯನ್ನು ಹಳೆಯ ಛಾಯಾಚಿತ್ರಗಳ ಆಧಾರದಿಂದ ೧೯೮೧ರಿಂದ ೧೯೮೩ರೊಳಗೆ ಮರಳಿ ಕಟ್ಟಿ ಅಲ್ಲಿಯ ಷ್ಪ್ರೆಂಗೆಲ್ ವಸ್ತುಸಂಗ್ರಹಾಲಯದಲ್ಲಿಟ್ಟಿದ್ದಾರೆ; ಹೊರಗಿನ ಬೆಳ್ಪು ಬಂದಿದೆ, ಒಳಗಿನ ಗುಹೆಗಳು ಬರಲು ಹೇಗೆ ಸಾಧ್ಯ? ೧೯೭೦ರಲ್ಲಿ ಅವನ ಅವಶೇಷಗಳನ್ನು ಆಂಬಲ್‌ಸೈಡಿನಿಂದ ತೆಗೆದು ಹ್ಯಾನೋವರಿಗೆ ಕೊಂಡೊಯ್ದು ಮರಳಿ ಸಮಾಧಿ ಮಾಡಿದರು. ಅದರ ಮೇಲೆ ಅವನದೇ ಶಿಲ್ಪವೊಂದರ ಅಮೃತಶಿಲೆಯ ಪ್ರತಿಯನ್ನು ನಿಲ್ಲಿಸಿದ್ದಾರೆ. ಆಂಬಲ್‌ಸೈಡಿನ ಅಂಗಳದಲ್ಲಿ ಹೆಸರು ಕೆತ್ತಿದ ಕಲ್ಲು ಮಾತ್ರ ಇದೆ.